ಹಳೆಯ ಎಸ್‌ಯುವಿಯ ಎಂಜಿನ್ ಮತ್ತು ಎಲೆಕ್ಟ್ರಿಕಲ್ ದೋಷಗಳು: ಉತ್ತರ ಕನ್ನಡದ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡಲಂಚಿನಲ್ಲಿಯೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ಘಟ್ಟದ ಮೇಲೆಯೂ ಇಂದಿಗೂ ದುಡಿಯುತ್ತಿರುವ ಹಳೆಯ ಬೊಲೆರೊ, ಸುಮೊ, ಕ್ವಾಲಿಸ್, ಸಫಾರಿ, ಸ್ಕಾರ್ಪಿಯೊಗಳ ಮಾಲೀಕರಿಗಾಗಿ ಈ ಉತ್ತರಗಳನ್ನು ಸಿದ್ಧಪಡಿಸಲಾಗಿದೆ. ಇವುಗಳಲ್ಲಿ ಹೆಚ್ಚಿನವು ಡೀಸೆಲ್ ವಾಹನಗಳಾದ್ದರಿಂದ ಚರ್ಚೆಯೂ ಡೀಸೆಲ್ ಎಂಜಿನ್ನಿನದ್ದೇ. ಓದುವ ಮೊದಲು ನಿಮ್ಮ ವಾಹನ ಯಾವ ಗುಂಪಿಗೆ ಸೇರಿದ್ದೆಂದು ತಿಳಿದುಕೊಳ್ಳಿ: ಕಂಪ್ಯೂಟರಿನ ಹಂಗಿಲ್ಲದ ಹಳೆಯ ಮೆಕ್ಯಾನಿಕಲ್ ಪಂಪ್ ಇರುವುದು ಒಂದು, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಮತ್ತು ಸೆನ್ಸರ್‌ಗಳ ಮೂಲಕ ನಡೆಯುವ, ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಕಾಮನ್ ರೈಲ್ ಇನ್ನೊಂದು. ಕೆಲವು ಪರೀಕ್ಷೆಗಳು ಮೊದಲನೆಯದಕ್ಕೆ ಸರಿಯಾದರೂ ಎರಡನೆಯದಕ್ಕೆ ಅಪಾಯಕಾರಿ.

ದೋಷ ಹುಡುಕುವುದನ್ನು ಎಲ್ಲಿಂದ ಆರಂಭಿಸಬೇಕು?

ಅಳತೆಯಿಂದ. ಬಿಡಿಭಾಗ ಬದಲಿಸಿ ನೋಡೋಣ ಎಂಬ ಪದ್ಧತಿಯಲ್ಲಿ ಬ್ಯಾಟರಿ, ಆಮೇಲೆ ಸೆಲ್ಫ್ ಮೋಟರ್, ಆಮೇಲೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎಂದು ಹಣ ಹೋಗುತ್ತದೆ, ಕೊನೆಗೆ ತುಕ್ಕು ಹಿಡಿದ ಒಂದು ಅರ್ತ್ ವೈರ್ ಸಿಗುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಒಂದು, 12 ವೋಲ್ಟಿನ ಟೆಸ್ಟ್ ಲ್ಯಾಂಪ್ ಒಂದು ಇದ್ದರೆ ಈ ಕೆಳಗಿನ ಅರ್ಧಕ್ಕೂ ಹೆಚ್ಚು ಪರೀಕ್ಷೆಗಳನ್ನು ಮನೆಯಂಗಳದಲ್ಲೇ ಮಾಡಬಹುದು.

ಅದಕ್ಕೂ ಮೊದಲು ಒಂದು ಕಾಗದದ ಮೇಲೆ ದೋಷ ಯಾವಾಗ ಬರುತ್ತದೆ ಎಂಬುದನ್ನು ಬರೆದಿಡಿ: ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಮಳೆ ಬಂದ ಮರುದಿನವೋ, ಏರಿನಲ್ಲಿ ಮಾತ್ರವೋ, ಹೆಡ್‌ಲೈಟ್ ಹಾಕಿದಾಗ ಮಾತ್ರವೋ. 'ಗಾಡಿ ಸರಿ ಇಲ್ಲ' ಎಂದು ಹೇಳಿ ಕೀ ಕೊಟ್ಟು ಬರುವ ಮಾಲೀಕನಿಗಿಂತ 'ತಣ್ಣಗಿದ್ದಾಗ ಸರಿ, ದೇವಿಮನೆ ಘಟ್ಟ ಅರ್ಧ ಹತ್ತಿದ ಮೇಲೆ ಎಳೆಯುವುದಿಲ್ಲ' ಎಂದು ಹೇಳುವವನ ಕೆಲಸ ಗ್ಯಾರೇಜಿನಲ್ಲಿ ಬೇಗ ಮುಗಿಯುತ್ತದೆ.

ಕೀ ತಿರುಗಿಸಿದರೆ 'ಟಕ್' ಎಂಬ ಸದ್ದು ಮಾತ್ರ ಬರುತ್ತದೆ, ಸೆಲ್ಫ್ ತಿರುಗುವುದಿಲ್ಲ. ಬ್ಯಾಟರಿ ಬದಲಿಸಬೇಕೇ?

ಸದ್ದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಬೇಗ ಬೇಗನೆ 'ಟಕ ಟಕ ಟಕ' ಎಂದರೆ ಸೊಲೆನಾಯ್ಡ್ (ಸೆಲ್ಫ್ ಮೋಟರಿಗೆ ಕರೆಂಟ್ ಕೂಡಿಸುವ ವಿದ್ಯುತ್ಕಾಂತದ ಸ್ವಿಚ್) ಎಳೆಯಲು ಯತ್ನಿಸುತ್ತಿದೆ, ಆದರೆ ವೋಲ್ಟೇಜ್ ಕುಸಿದು ಬಿಟ್ಟುಬಿಡುತ್ತಿದೆ ಎಂದರ್ಥ. ಇಲ್ಲಿ ಅನುಮಾನ ಬ್ಯಾಟರಿ ಅಥವಾ ಟರ್ಮಿನಲ್ ಮೇಲೆ. ಒಂದೇ ಒಂದು ಗಟ್ಟಿಯಾದ 'ಟಕ್' ಬಂದು ಡ್ಯಾಶ್‌ಬೋರ್ಡಿನ ದೀಪಗಳು ಮಂಕಾಗದೇ ಉಳಿದರೆ ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್‌ಗಳು ಸವೆದಿರಬಹುದು, ಇಲ್ಲವೇ ಮೋಟರಿನ ಕಾರ್ಬನ್ ಬ್ರಷ್ ಮುಗಿದಿರಬಹುದು. ಏನೂ ಸದ್ದಿಲ್ಲದಿದ್ದರೆ ಇಗ್ನಿಷನ್ ಸ್ವಿಚ್, ರಿಲೇ, ಅಥವಾ ಸೊಲೆನಾಯ್ಡಿಗೆ ಬರುವ ಸಣ್ಣ ವೈರನ್ನು ನೋಡಬೇಕು.

ಈಗ ಅಳತೆಗೆ ಬರೋಣ. ವಾಹನ ಕೆಲವು ಗಂಟೆ ನಿಂತಿರುವಾಗ ಬ್ಯಾಟರಿಯ ಎರಡು ಕಂಬಗಳ ನಡುವೆ 12.6 ವೋಲ್ಟ್ ಆಸುಪಾಸು ಇದ್ದರೆ ಅದು ತುಂಬಿದೆ, 12.2 ಇದ್ದರೆ ಸುಮಾರು ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಉಳಿದ ಮಾತು. ತುಂಬಿದ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಕಸುವು ಹೋಗಿದೆ ಎನ್ನಬಹುದು. ನೀರು ತುಂಬುವ ಹಳೆಯ ಮಾದರಿಯ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಪ್ರತಿ ಕೋಶದ ಆಮ್ಲವನ್ನು ಅಳೆಯಿರಿ: ಪೂರ್ಣ ಚಾರ್ಜ್ ಇರುವಾಗ 1.260ರಿಂದ 1.280ರ ನಡುವೆ ಇರಬೇಕು, ಒಂದು ಕೋಶ ಮಾತ್ರ ಉಳಿದವುಗಳಿಗಿಂತ 0.050ರಷ್ಟು ಕಡಿಮೆ ಇದ್ದರೆ ಆ ಕೋಶ ಸತ್ತಿದೆ ಮತ್ತು ಎಷ್ಟು ಚಾರ್ಜ್ ಮಾಡಿದರೂ ಪ್ರಯೋಜನವಿಲ್ಲ.

ಬ್ಯಾಟರಿ ಚೆನ್ನಾಗಿದೆ ಎನ್ನುತ್ತಾರೆ, ಆದರೂ ಸೆಲ್ಫ್ ನಿಧಾನವಾಗಿ ಎಳೆಯುತ್ತದೆ. ಏಕೆ?

ನಮ್ಮ ಜಿಲ್ಲೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಅರ್ತ್ ಸಂಪರ್ಕವನ್ನು. ಬ್ಯಾಟರಿಯ ನೆಗೆಟಿವ್ ಕಂಬದಿಂದ ಎಂಜಿನ್ ಬ್ಲಾಕಿಗೆ, ಬಾಡಿಗೆ ಮತ್ತು ಚಾಸಿಸ್ಸಿಗೆ ಹೋಗುವ ಹೆಣೆದ ಪಟ್ಟಿ ಅಥವಾ ದಪ್ಪ ಕೇಬಲ್ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಸೇರಿ ಬೋಲ್ಟಿನ ಅಡಿಯಲ್ಲಿ ಹಸಿರು-ಬಿಳಿ ಪುಡಿ ಕಟ್ಟಿಸುತ್ತವೆ, ಕೇಬಲ್ಲಿನ ರಬ್ಬರಿನ ಒಳಗೆ ತಾಮ್ರದ ಎಳೆಗಳು ಕಪ್ಪಾಗಿ ಒಂದೊಂದಾಗಿ ತುಂಡಾಗುತ್ತವೆ. ರೇಡಿಯೊ, ದೀಪಗಳಿಗೆ ಬೇಕಾದ ಕೆಲವು ಆಂಪಿಯರ್ ಕರೆಂಟ್ ಅದರಲ್ಲಿ ಹಾಯುತ್ತದೆ. ಸೆಲ್ಫ್ ಕೇಳುವ ನೂರಾರು ಆಂಪಿಯರ್ ಹಾಯುವುದಿಲ್ಲ.

ಓಮ್ ಮಾಪನದಿಂದ ಈ ದೋಷ ಸಿಕ್ಕುವುದಿಲ್ಲ, ಏಕೆಂದರೆ ಒಂದೇ ಎಳೆ ಉಳಿದಿದ್ದರೂ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ. ಮಾಡಬೇಕಾದದ್ದು ವೋಲ್ಟೇಜ್ ಡ್ರಾಪ್ ಪರೀಕ್ಷೆ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್ ಸೀಸದ ಕಂಬಕ್ಕೇ (ಕ್ಲಾಂಪಿಗಲ್ಲ) ಮುಟ್ಟಿಸಿ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಶುದ್ಧವಾದ ಲೋಹಕ್ಕೆ ಒತ್ತಿ ಹಿಡಿದು, ಮತ್ತೊಬ್ಬರಿಂದ ಸೆಲ್ಫ್ ಹೊಡೆಸಿ. 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಕೆಟ್ಟಿದೆ. ಹಾಗೆಯೇ ಪಾಸಿಟಿವ್ ಕಂಬ ಮತ್ತು ಸೆಲ್ಫ್ ಮೋಟರಿನ ದಪ್ಪ ಬೋಲ್ಟಿನ ನಡುವೆ ಅಳೆಯಿರಿ, ಅಲ್ಲಿ 0.5 ವೋಲ್ಟ್ ಮೀರಬಾರದು. ಈ ಎರಡನೆಯ ಅಳತೆಯನ್ನು ಸೆಲ್ಫ್ ತಿರುಗುತ್ತಿರುವಾಗಲೇ ಓದಬೇಕು, ನಿಂತಿರುವಾಗ ಓದಿದ ಅಂಕಿಗೆ ಅರ್ಥವಿಲ್ಲ. ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಹ್ಯಾಂಡ್‌ಬ್ರೇಕ್ ಎಳೆದಿದೆಯೇ, ಕೈ ಮತ್ತು ಬಟ್ಟೆ ಫ್ಯಾನಿನಿಂದ ದೂರ ಇವೆಯೇ ಎಂದು ಮೊದಲು ನೋಡಿಕೊಳ್ಳಿ.

ದಾರಿಯಲ್ಲಿ ಮೀಟರ್ ಇಲ್ಲದಿದ್ದರೆ ಜಂಪರ್ ಕೇಬಲ್ಲಿನ ಒಂದು ತುದಿಯನ್ನು ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಎತ್ತುವ ಕಬ್ಬಿಣದ ಕೊಕ್ಕೆಗೂ ಸಿಕ್ಕಿಸಿ ಸೆಲ್ಫ್ ಹೊಡೆಯಿರಿ. ಗಿರ್ರನೆ ತಿರುಗಿದರೆ ದೋಷ ಎಲ್ಲಿದೆ ಎಂದು ಗೊತ್ತಾಯಿತು.

ದುರಸ್ತಿ ಸರಳ: ಬೋಲ್ಟ್ ಬಿಚ್ಚಿ, ಎರಡೂ ಮುಖಗಳನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಸವರಿ. ಬ್ಯಾಟರಿ ಟರ್ಮಿನಲ್ಲಿನ ಬಿಳಿ ಪುಡಿಗೆ ಅಡುಗೆ ಸೋಡಾ ಬೆರೆಸಿದ ನೀರು ಸಾಕು, ಆದರೆ ಅದು ಕೋಶದೊಳಗೆ ಇಳಿಯಬಾರದು. ಕಾರವಾರ, ಅಂಕೋಲಾದ ಕಡೆ ಮಳೆಗಾಲದ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಇದನ್ನು ಮಾಡುವುದು ಒಳಿತು. ಶಿರಸಿಯ ಕಡೆ ವರ್ಷಕ್ಕೊಮ್ಮೆ ಸಾಕೆಂದು ನನ್ನ ಅಭಿಪ್ರಾಯ.

ಹೊಸ ಬ್ಯಾಟರಿ ಹಾಕಿದರೂ ಎರಡು ಮೂರು ದಿನ ನಿಲ್ಲಿಸಿದರೆ ಡೌನ್ ಆಗುತ್ತದೆ.

ವಾಹನ ಮಲಗಿರುವಾಗಲೂ ಯಾವುದೋ ಒಂದು ಕಡೆ ಕರೆಂಟ್ ಸೋರುತ್ತಿದೆ. ಎಲ್ಲವನ್ನೂ ಆರಿಸಿ, ಬಾಗಿಲು ಮುಚ್ಚಿ, ನೆಗೆಟಿವ್ ಕ್ಲಾಂಪ್ ಬಿಚ್ಚಿ, ಕಂಬಕ್ಕೂ ಕ್ಲಾಂಪಿಗೂ ನಡುವೆ ಮೀಟರನ್ನು 10 ಆಂಪಿಯರ್ ಶ್ರೇಣಿಯಲ್ಲಿ ಸರಣಿಯಾಗಿ ಜೋಡಿಸಿ. ಇಸಿಯು ಇರುವ ವಾಹನವಾದರೆ ಅದು ನಿದ್ರೆಗೆ ಹೋಗಲು ಅರ್ಧ ಗಂಟೆ ಬಿಡಿ. 50 ಮಿಲಿಆಂಪಿಯರ್ ಒಳಗಿದ್ದರೆ ಸಹಜ. ಮೆಕ್ಯಾನಿಕಲ್ ಪಂಪಿನ ವಾಹನದಲ್ಲಿ ಗಡಿಯಾರ ಮತ್ತು ಸ್ಟೀರಿಯೊ ಮಾತ್ರ ಇರುವುದರಿಂದ ಇನ್ನೂ ಕಡಿಮೆ ಇರಬೇಕು. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಅಂಕಿ ಇಳಿಯುತ್ತದೋ ಆ ಸಾಲಿನಲ್ಲಿ ಕಳ್ಳನಿದ್ದಾನೆ. ಮೀಟರ್ ಜೋಡಿಸಿರುವಾಗ ಸೆಲ್ಫ್ ಹೊಡೆದರೆ ಮೀಟರ್ ಸುಡುತ್ತದೆ ಎಂಬುದು ನೆನಪಿರಲಿ.

ಯಾವ ಫ್ಯೂಸ್ ತೆಗೆದರೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರಿನ ಹಿಂದಿನ ದಪ್ಪ ವೈರನ್ನು ಅನುಮಾನಿಸಿ: ಒಳಗಿನ ಡಯೋಡ್ ಸೋರಿದರೆ ಬ್ಯಾಟರಿ ರಾತ್ರಿಯಿಡೀ ಅದರ ಮೂಲಕ ಖಾಲಿಯಾಗುತ್ತದೆ. ಆ ವೈರಿನಲ್ಲಿ ಸದಾ ಕರೆಂಟ್ ಇರುವುದರಿಂದ ಬ್ಯಾಟರಿ ಕಳಚಿಟ್ಟೇ ಅದನ್ನು ಬಿಚ್ಚಬೇಕು, ತುದಿಗೆ ಟೇಪ್ ಸುತ್ತಿ ಬೇರೆಯಾಗಿಟ್ಟು ಮತ್ತೊಮ್ಮೆ ಅಳೆಯಬೇಕು. ನಂತರದ ದಿನಗಳಲ್ಲಿ ಹೊರಗಿನಿಂದ ಹಾಕಿಸಿದ ಸ್ಟೀರಿಯೊ, ರಿವರ್ಸ್ ಕ್ಯಾಮೆರಾ, ಫಾಗ್ ಲ್ಯಾಂಪುಗಳ ವೈರಿಂಗ್ ಈ ದೋಷದ ದೊಡ್ಡ ಮೂಲ.

ಚಾರ್ಜಿಂಗ್ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, ಆಕ್ಸಿಲರೇಟರನ್ನು ಸ್ವಲ್ಪ ಒತ್ತಿದಾಗ ಬ್ಯಾಟರಿಯ ಮೇಲೆ 13.8ರಿಂದ 14.5 ವೋಲ್ಟ್ ಇರಬೇಕು. 13ರ ಕೆಳಗಿದ್ದರೆ ಬೆಲ್ಟ್, ಬ್ರಷ್, ರೆಗ್ಯುಲೇಟರ್ ನೋಡಿ; 15 ಮೀರಿದರೆ ರೆಗ್ಯುಲೇಟರ್ ಕೆಟ್ಟಿದ್ದು, ಬ್ಯಾಟರಿ ಕುದಿದು ನೀರು ಒಣಗುತ್ತದೆ, ಬಲ್ಬುಗಳು ಮೇಲಿಂದ ಮೇಲೆ ಸುಡುತ್ತವೆ. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಡಯೋಡ್ ಕೆಟ್ಟಿರುವ ಸಂಭವ ಹೆಚ್ಚು.

ಇಲ್ಲಿ ಎರಡು ಸಂಗತಿಗಳು ಅನೇಕರ ಗಮನಕ್ಕೆ ಬರುವುದಿಲ್ಲ. ಹಳೆಯ ವಾಹನಗಳಲ್ಲಿ ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ದೀಪದ ಮೂಲಕವೇ ಆಲ್ಟರ್ನೇಟರಿಗೆ ಆರಂಭದ ಕರೆಂಟ್ ಹೋಗುತ್ತದೆ. ಆ ಬಲ್ಬ್ ಸುಟ್ಟರೆ ಆಲ್ಟರ್ನೇಟರ್ ಚಾರ್ಜ್ ಮಾಡದೇ ಇರಬಹುದು. ಕೀ ಆನ್ ಮಾಡಿದಾಗ ಆ ದೀಪ ಉರಿಯಲೇಬೇಕು. ಎರಡನೆಯದಾಗಿ, ಹಲವು ಹಳೆಯ ಡೀಸೆಲ್ ವಾಹನಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಅದರ ಆಯಿಲ್ ಸೀಲ್ ಹೋದರೆ ಎಂಜಿನ್ ಆಯಿಲ್ ಬ್ರಷ್‌ಗಳ ಮೇಲೆ ಸೋರಿ ಚಾರ್ಜಿಂಗ್ ನಿಲ್ಲುತ್ತದೆ. ಪಂಪೇ ಸೋತರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ, ಅರಬೈಲ್ ಘಟ್ಟ ಇಳಿಯುವವರಿಗೆ ಇದರ ಗಂಭೀರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಆದರೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ.

ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಹೊಗೆ ಬರುತ್ತದೆಯೇ ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ. ರೋಟರಿ ಪಂಪಿನ (ಮೆಕ್ಯಾನಿಕಲ್ ಪಂಪಿನ ಒಂದು ಬಗೆ) ವಾಹನದಲ್ಲಿ ಮೊದಲು ಪಂಪಿನ ಮೇಲಿನ ಫ್ಯುಯೆಲ್ ಕಟ್-ಆಫ್ ಸೊಲೆನಾಯ್ಡಿನ ವೈರ್ ನೋಡಿ: ಕೀ ಆನ್ ಮಾಡಿದಾಗ ಸಣ್ಣ 'ಕ್ಲಿಕ್' ಕೇಳಬೇಕು, ವೈರಿನಲ್ಲಿ 12 ವೋಲ್ಟ್ ಬರಬೇಕು. ಆ ಒಂದು ಸಣ್ಣ ವೈರಿನ ತುದಿ ತುಕ್ಕು ಹಿಡಿದು ಉದುರಿದರೆ ಇಡೀ ಎಂಜಿನ್ ಹೆಣದಂತೆ ಬಿದ್ದಿರುತ್ತದೆ.

ಕರೆಂಟ್ ಸರಿಯಿದ್ದರೆ ಡೀಸೆಲ್ ಫಿಲ್ಟರಿನ ಕಡೆ ಬನ್ನಿ. ತಳದ ತಿರುಪು ಸಡಿಲಿಸಿ ನೀರು ಇಳಿಸಿ. ಕರಾವಳಿಯ ತೇವದ ಗಾಳಿಯಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಗೆ ನೀರು ಹನಿಗಟ್ಟುತ್ತದೆ, ಅದು ಕೊನೆಗೆ ಇಲ್ಲಿ ಸೇರುತ್ತದೆ. ನಂತರ ಹ್ಯಾಂಡ್ ಪ್ರೈಮರ್ ಒತ್ತಿ: ಎಷ್ಟು ಒತ್ತಿದರೂ ಗಟ್ಟಿಯಾಗದಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಟ್ಯಾಂಕಿನಿಂದ ಬರುವ ಪೈಪಿನ ನಡುವೆ ಒಂದು ಗೇಣು ಪಾರದರ್ಶಕ ಹೋಸ್ ಸೇರಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ರಾತ್ರಿ ನಿಂತ ವಾಹನ ಬೆಳಿಗ್ಗೆ ಮಾತ್ರ ಕಾಡಿಸಿ, ಒಮ್ಮೆ ಸ್ಟಾರ್ಟ್ ಆದ ಮೇಲೆ ದಿನವಿಡೀ ಸರಿ ಇದ್ದರೆ ಅದು ಹೆಚ್ಚಾಗಿ ಈ ಏರ್ ಲಾಕಿನದೇ ಲಕ್ಷಣ.

ಬಿಳಿ ಹೊಗೆ ಧಾರಾಳವಾಗಿ ಬಂದೂ ಎಂಜಿನ್ ಹಿಡಿಯದಿದ್ದರೆ ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ. ಆಗ ಹೀಟರ್ ಪ್ಲಗ್ (ತಣ್ಣನೆಯ ಸಿಲಿಂಡರನ್ನು ಬಿಸಿ ಮಾಡುವ ಪ್ಲಗ್), ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತಲ್ಪಡುವ ಬಲ), ಪಂಪ್ ಟೈಮಿಂಗ್ (ಡೀಸೆಲ್ ಸಿಂಪಡಿಸುವ ಸಮಯ) ಎಂಬ ಕ್ರಮದಲ್ಲಿ ನೋಡಬೇಕು.

ಕುಮಟಾದಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುವ ವಾಹನ ಶಿರಸಿಯ ಚಳಿಗೆ ಏಕೆ ಹಟ ಮಾಡುತ್ತದೆ?

ಹೀಟರ್ ಪ್ಲಗ್‌ಗಳು ಸುಟ್ಟಿರಬಹುದು. ಸೆಕೆಯ ಊರಿನಲ್ಲಿ ನಾಲ್ಕರಲ್ಲಿ ಎರಡು ಸತ್ತಿದ್ದರೂ ಗೊತ್ತಾಗುವುದಿಲ್ಲ. ಘಟ್ಟದ ಮೇಲೆ ಡಿಸೆಂಬರ್-ಜನವರಿಯ ಮುಂಜಾನೆಯಲ್ಲಿ ಗುಟ್ಟು ರಟ್ಟಾಗುತ್ತದೆ. ಪ್ಲಗ್‌ಗಳನ್ನು ಕೂಡಿಸುವ ಲೋಹದ ಪಟ್ಟಿ ಬಿಚ್ಚಿ ಪ್ರತಿಯೊಂದನ್ನೂ ಬ್ಲಾಕಿಗೆ ಅಳೆಯಿರಿ. ಸುಮಾರು ಒಂದು ಓಮ್ ಇದ್ದರೆ ಸರಿ, ಮೀಟರ್ ಏನನ್ನೂ ತೋರಿಸದಿದ್ದರೆ ಸುಟ್ಟಿದೆ. ನಾಲ್ಕೂ ಸರಿಯಿದ್ದರೆ ರಿಲೇ ನೋಡಿ.

ಘಟ್ಟ ಹತ್ತುವಾಗ ಪಿಕಪ್ ಇಲ್ಲ, ಹೊಗೆ ಬರುತ್ತದೆ. ನಾಝಲ್ ಬದಲಿಸಬೇಕೇ?

ಹೊಗೆಯ ಬಣ್ಣವೇ ಅರ್ಧ ಉತ್ತರ. ಕಪ್ಪು ಹೊಗೆ ಎಂದರೆ ಗಾಳಿ ಕಡಿಮೆ ಅಥವಾ ಡೀಸೆಲ್ ಹೆಚ್ಚು: ಏರ್ ಫಿಲ್ಟರ್, ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಹೋಸಿನ ಬಿರುಕು, ತೆರೆದೇ ಉಳಿದ ಇಜಿಆರ್ ವಾಲ್ವ್ (ಹೊಗೆಯ ಒಂದಂಶವನ್ನು ಎಂಜಿನ್ನಿಗೆ ಮರಳಿಸುವ ಕವಾಟ), ಆಮೇಲೆ ಡೀಸೆಲ್ ಸಿಂಪಡಿಸುವ ನಾಝಲ್. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗ್, ವಾಲ್ವ್ ಸೀಲ್, ಟರ್ಬೊ ಸೀಲ್ ಇವುಗಳಲ್ಲಿ ಒಂದು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗಿಳಿಯುತ್ತಿರಬಹುದು. ಹೊಗೆಯೇ ಇಲ್ಲದೆ ಶಕ್ತಿ ಮಾತ್ರ ಇಲ್ಲವೆಂದರೆ ಡೀಸೆಲ್ ಫಿಲ್ಟರ್ ಕಟ್ಟಿದೆಯೆಂದು ಮೊದಲು ತಿಳಿಯಿರಿ.

ಎಂಜಿನ್ ಮಿಸ್ಸಿಂಗ್ ಇದ್ದರೆ ಮೆಕ್ಯಾನಿಕಲ್ ಪಂಪಿನ ವಾಹನದಲ್ಲಿ ಐಡಲ್ ಓಡುವಾಗ ಒಂದೊಂದೇ ನಾಝಲ್ ಪೈಪಿನ ನಟ್ಟನ್ನು ಬಟ್ಟೆ ಸುತ್ತಿ ಸ್ವಲ್ಪ ಸಡಿಲಿಸುವ ಹಳೆಯ ಪದ್ಧತಿ ಉಂಟು. ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ದುಡಿಯುತ್ತಿಲ್ಲ. ಕಾಮನ್ ರೈಲ್ ಎಂಜಿನ್ನಿನಲ್ಲಿ ಇದನ್ನು ಎಂದಿಗೂ ಮಾಡಬಾರದು. ಅಲ್ಲಿನ ಪೈಪಿನೊಳಗೆ ಒತ್ತಡ ಸಾವಿರ ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮವನ್ನು ಸೀಳಿ ಒಳಹೊಗುತ್ತದೆ, ಮತ್ತು ಅಂಥ ಗಾಯ ಹೊರಗೆ ಚುಕ್ಕೆಯಷ್ಟು ಕಂಡರೂ ತುರ್ತು ಶಸ್ತ್ರಚಿಕಿತ್ಸೆ ಬೇಕಾಗುವಂಥದ್ದು. ಅಲ್ಲಿ ಇಂಜೆಕ್ಟರುಗಳ ರಿಟರ್ನ್ ಡೀಸೆಲ್ಲನ್ನು ಬೇರೆ ಬೇರೆ ಬಾಟಲಿಗೆ ಹಿಡಿದು ಹೋಲಿಸುವ ಪರೀಕ್ಷೆಯನ್ನು ಮೆಕ್ಯಾನಿಕ್ ಮಾಡಲಿ. ಯಾವುದರಲ್ಲಿ ಅತಿ ಹೆಚ್ಚು ತುಂಬುತ್ತದೋ ಅದು ಸವೆದಿದೆ.

ದೇವಿಮನೆ ಏರಿನಲ್ಲಿ ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ಸಮತಟ್ಟಿನಲ್ಲಿ ಸರಿ.

ಮೊದಲು ಮುಳ್ಳು ನಿಜ ಹೇಳುತ್ತಿದೆಯೇ ಖಚಿತಪಡಿಸಿಕೊಳ್ಳಿ. ಇಂಡಿಕೇಟರ್ ಹಾಕಿದಾಗ ಟೆಂಪರೇಚರ್ ಮತ್ತು ಡೀಸೆಲ್ ಮುಳ್ಳುಗಳೆರಡೂ ಕುಣಿದರೆ ಎಂಜಿನ್ ಬಿಸಿಯಾಗಿಲ್ಲ, ಡ್ಯಾಶ್‌ಬೋರ್ಡಿನ ಮೀಟರಿನ ಅರ್ತ್ ಕೆಟ್ಟಿದೆ.

ನಿಜವಾಗಿಯೂ ಬಿಸಿಯಾಗುತ್ತಿದ್ದರೆ ರೇಡಿಯೇಟರಿನಿಂದ ಆರಂಭಿಸಿ. ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಕೆಂಪು ಧೂಳು, ಎಲೆ, ಹುಳ ತುಂಬಿ ಗೋಡೆಯಾಗಿರುತ್ತದೆ. ಮುಂದಿನಿಂದ ನೋಡಿದರೆ ಕಾಣುವುದಿಲ್ಲ. ಎಂಜಿನ್ ಕಡೆಯಿಂದ ಹೊರಮುಖವಾಗಿ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ಕರಾವಳಿಯ ವಾಹನದಲ್ಲಿ ರೇಡಿಯೇಟರಿನ ತೆಳು ರೆಕ್ಕೆಗಳು ಉಪ್ಪಿಗೆ ಕೊಳೆತು ಮುಟ್ಟಿದರೆ ಪುಡಿಯಾಗುತ್ತಿದ್ದರೆ ತೊಳೆದೂ ಫಲವಿಲ್ಲ. ವಿಸ್ಕಸ್ ಫ್ಯಾನ್ (ಬಿಸಿಯಾದಾಗ ಮಾತ್ರ ಬಿಗಿಯಾಗಿ ತಿರುಗುವ ಫ್ಯಾನ್) ಇರುವ ವಾಹನದಲ್ಲಿ ಎಂಜಿನ್ ಬಿಸಿಯಿರುವಾಗ ಆರಿಸಿ, ಅದು ಪೂರ್ತಿ ನಿಂತ ಮೇಲೆ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ; ತಡೆಯೇ ಇಲ್ಲದೆ ಸುಲಭವಾಗಿ ಸುತ್ತು ಹಾಕಿದರೆ ಕಪ್ಲಿಂಗ್ ಸೋತಿದೆ. ರೇಡಿಯೇಟರ್ ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಬದಲಿಸಿ: ಒತ್ತಡ ಹಿಡಿದಿಡಲಾಗದ ಮುಚ್ಚಳದಿಂದ ನೀರು ಬೇಗ ಕುದಿಯುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ.

'ಥರ್ಮೋಸ್ಟಾಟ್ ತೆಗೆದುಬಿಡಿ, ಬಿಸಿಯೇ ಆಗುವುದಿಲ್ಲ' ಎಂಬ ಸಲಹೆ ನಮ್ಮಲ್ಲಿ ಬಹಳ ಕೇಳುತ್ತದೆ. ಅದನ್ನು ಒಪ್ಪಬೇಡಿ. ಸುಮಾರು 82 ಡಿಗ್ರಿಯಲ್ಲಿ ತೆರೆಯುವ ಆ ಕವಾಟವಿಲ್ಲದಿದ್ದರೆ ಸಮತಟ್ಟಿನಲ್ಲಿ ಎಂಜಿನ್ ಸದಾ ತಣ್ಣಗೇ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತದೆ, ಸವೆತವೂ ಹೆಚ್ಚು. ಕೆಲವು ಎಂಜಿನ್‌ಗಳಲ್ಲಂತೂ ಬೈಪಾಸ್ ದಾರಿ ಮುಚ್ಚದೆ ಏರಿನಲ್ಲಿ ಇನ್ನಷ್ಟು ಬಿಸಿಯಾಗುತ್ತದೆ. ಬಾವಿಯ ನೀರನ್ನು ತುಂಬಿಸುತ್ತ ಹೋಗುವುದೂ ಅಂಥದ್ದೇ ಅಭ್ಯಾಸ; ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಸಮಪಾಲು ಬೆರೆಸಿ ಹಾಕಿ.

ಕೊನೆಯದಾಗಿ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪದರ). ಬೆಳಿಗ್ಗೆ ತಣ್ಣನೆಯ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆರೆದು ಸ್ಟಾರ್ಟ್ ಮಾಡಿದಾಗ ನಿಲ್ಲದೆ ಗುಳ್ಳೆ ಬಂದರೆ, ಅಥವಾ ಮುಚ್ಚಳ ಹಾಕಿ ಒಂದೆರಡು ನಿಮಿಷದೊಳಗೆ ಮೇಲಿನ ಹೋಸ್ ಕಲ್ಲಿನಂತೆ ಬಿಗಿದರೆ, ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ವಾಹನವನ್ನು ಓಡಿಸದೆ ಎಳೆಸಿಕೊಂಡು ಹೋಗಿ.

ಓಡುತ್ತಿದ್ದ ಸ್ಕಾರ್ಪಿಯೊ ಬಿಸಿಯಾದ ಮೇಲೆ ತಟ್ಟನೆ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಸ್ಟಾರ್ಟ್ ಆಗುತ್ತದೆ. ಸ್ಕ್ಯಾನರ್ ಹಾಕಿಸಿದರೆ ಸಾಕೇ?

ಕಾಮನ್ ರೈಲ್ ಎಂಜಿನ್ನಿನಲ್ಲಿ ಇದು ಕ್ರ್ಯಾಂಕ್ ಸೆನ್ಸರಿನ (ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಸೆನ್ಸರ್) ಪ್ರಸಿದ್ಧ ಲಕ್ಷಣ: ಬಿಸಿಗೆ ಒಳಗಿನ ಸುರುಳಿ ತುಂಡಾಗುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ಇಸಿಯು ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರಿನಲ್ಲಿ ಪಿ0335 ಬಂದರೆ ಅನುಮಾನ ಬಲವಾಗುತ್ತದೆ. ಆದರೆ ಕೋಡ್ ಹೇಳುವುದು ಆ ಸರ್ಕ್ಯೂಟಿನಲ್ಲಿ ತೊಂದರೆ ಇದೆ ಎಂದಷ್ಟೇ. ಸೆನ್ಸರ್, ಅದರ ಕನೆಕ್ಟರ್, ವೈರ್ ಮೂರರಲ್ಲಿ ಯಾವುದೂ ಆಗಬಹುದು. ಪಿ0087, ಅಂದರೆ ರೈಲಿನಲ್ಲಿ ಒತ್ತಡ ಕಡಿಮೆ, ಎಂದು ಬಂದ ಕೂಡಲೇ ದುಬಾರಿ ಹೈ ಪ್ರೆಷರ್ ಪಂಪ್ ಬದಲಿಸಲು ಹೊರಡುವವರಿದ್ದಾರೆ. ಕಟ್ಟಿದ ಡೀಸೆಲ್ ಫಿಲ್ಟರೂ ಅದೇ ಕೋಡ್ ತರಿಸುತ್ತದೆ. ಕೋಡ್ ಅಳಿಸುವ ಮೊದಲು ಫೋಟೊ ತೆಗೆದಿಡಿ.

ಇಲಿಗಳು ವೈರ್ ಕಡಿದಿವೆ. ಟೇಪ್ ಸುತ್ತಿದರೆ ನಡೆಯುತ್ತದೆಯೇ?

ಒಂದು ತಿಂಗಳು ನಡೆಯುತ್ತದೆ. ಟೇಪಿನ ಅಡಿಯಲ್ಲಿ ತೇವ ಸೇರಿ ತಾಮ್ರ ಹಸಿರಾಗುತ್ತದೆ. ಬೆಸುಗೆ ಹಾಕಿಸಿ ಹೀಟ್ ಶ್ರಿಂಕ್ ತೂರಿಸುವುದೇ ಸರಿ. ತೋಟದ ಮನೆಗಳಲ್ಲಿ ಅಡಿಕೆ, ಭತ್ತ ಇಡುವ ಜಾಗದ ಪಕ್ಕ ವಾಹನ ನಿಲ್ಲಿಸುವುದನ್ನು ತಪ್ಪಿಸಿ. ಫ್ಯೂಸ್ ಮತ್ತೆ ಮತ್ತೆ ಹಾರಿದರೆ ಹೆಚ್ಚು ಆಂಪಿಯರಿನ ಫ್ಯೂಸನ್ನಾಗಲಿ ತಂತಿಯ ತುಂಡನ್ನಾಗಲಿ ಹಾಕಬೇಡಿ. ಆಗ ಸುಡುವುದು ವೈರಿಂಗ್.

ನೆರೆ ನೀರಿನಲ್ಲಿ ವಾಹನ ನಿಂತುಹೋಯಿತು. ಏನು ಮಾಡಬೇಕು?

ಗಂಗಾವಳಿ, ಅಘನಾಶಿನಿಯ ದಂಡೆಯ ಊರುಗಳವರು ಇದನ್ನು ಮಳೆಗಾಲಕ್ಕೆ ಮೊದಲೇ ಓದಿಕೊಳ್ಳುವುದು ಒಳ್ಳೆಯದು. ಮತ್ತೆ ಸೆಲ್ಫ್ ಹೊಡೆಯಬೇಡಿ. ಗಾಳಿಯ ದಾರಿಯಿಂದ ನೀರು ಸಿಲಿಂಡರಿಗೆ ಹೋಗಿದ್ದರೆ, ನೀರು ಕುಗ್ಗುವ ವಸ್ತುವಲ್ಲದ ಕಾರಣ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಏರ್ ಫಿಲ್ಟರ್ ತೆರೆದು ನೋಡಿ. ಒದ್ದೆಯಾಗಿದ್ದರೆ ಹೀಟರ್ ಪ್ಲಗ್ ಅಥವಾ ಇಂಜೆಕ್ಟರ್ ತೆಗೆಸಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಹಾಕಿಸಬೇಕು. ಎಂಜಿನ್ ಉಳಿದರೂ ಡಿಫರೆನ್ಷಿಯಲ್ ಮತ್ತು ಗೇರ್‌ಬಾಕ್ಸ್ ಆಯಿಲ್ ನೋಡಿ: ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಅದರ ಉಸಿರುಕೊಳವೆಯ ಮೂಲಕ ನೀರನ್ನು ಒಳಗೆಳೆದುಕೊಳ್ಳುತ್ತದೆ.

ಇಷ್ಟು ಹಳೆಯ ವಾಹನಕ್ಕೆ ಎಂಜಿನ್ ಕೆಲಸ ಮಾಡಿಸುವುದು ಲಾಭವೇ?

ಎಂಜಿನ್ ಬಿಚ್ಚುವ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಮೂರು ಸಿಲಿಂಡರ್‌ಗಳು ಹೆಚ್ಚುಕಡಿಮೆ ಸಮನಾಗಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ದೋಷ ವಾಲ್ವ್ ಅಥವಾ ಗ್ಯಾಸ್ಕೆಟಿನದಾಗಿದ್ದು ಹೆಡ್ ಕೆಲಸದಲ್ಲೇ ಮುಗಿಯಬಹುದು. ನಾಲ್ಕೂ ಇಳಿದಿದ್ದು, ಆಯಿಲ್ ಮುಚ್ಚಳ ತೆರೆದಾಗ ಬುಸುಬುಸು ಹೊಗೆ ಬಂದರೆ ಪೂರ್ತಿ ಕೆಲಸವೇ. ಆದರೆ ಅದಕ್ಕೂ ಮೊದಲು ವಾಹನವನ್ನು ಎತ್ತಿಸಿ, ತುಕ್ಕು ತಿಂದಿದೆಯೇ ಎಂದು ಸುತ್ತಿಗೆಯಿಂದ ಚಾಸಿಸ್ ತಟ್ಟಿ ನೋಡಿ, ಮುಖ್ಯವಾಗಿ ಹಿಂದಿನ ಸ್ಪ್ರಿಂಗ್ ಕೂರುವ ಜಾಗ ಮತ್ತು ಬಾಡಿ ಮೌಂಟುಗಳ ಬಳಿ. ಹದಿನೈದು ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು ತಪಾಸಣೆಯ ನಂತರ ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ಕೆಎ-30ರ ಕಡಲತಡಿಯ ವಾಹನವನ್ನು ಕೆಎ-31ರ ಘಟ್ಟದ ಮೇಲಿನ ವಾಹನಕ್ಕಿಂತ ಬೇಗ ಮುಗಿಸುವುದು ಎಂಜಿನ್ ಅಲ್ಲ, ಈ ತುಕ್ಕು. ಸುತ್ತಿಗೆ ಒಳಹೋಗುವಷ್ಟು ಚಾಸಿಸ್ ತಿಂದುಹೋಗಿದ್ದರೆ ಎಂಜಿನ್ನಿಗೆ ಹಣ ಹಾಕಬೇಡಿ.